ಉಪ್ಪು ನೆಲಕ್ಕೆ ಹುಲ್ಲಿನ ಮದ್ದು

ಕತ್ರಿಗುಪ್ಪೆಯ ಬಹಳಷ್ಟು ಮನೆಗಳಲ್ಲಿ ಎರಡು ಬಗೆಯ ನೀರು. ಒಂದು ಕಾವೇರಿ, ಇನ್ನೊಂದು ಬೋರ್‌ವೆಲ್. ಕಾವೇರಿ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಕೊಡುತ್ತದೆ. ಬೋರ್ ನೀರಿನಲ್ಲಿ ಎರಡೂ ಮೊಂಡು ಹಿಡಿಯುತ್ತವೆ. ನಲ್ಲಿಯ ಬಾಯಿಗೆ ಬಿಳಿ ಪೊರೆ, ಗೀಸರಿನ ಹೊಟ್ಟೆಯಲ್ಲಿ ಸುಣ್ಣದ ಚಕ್ಕೆ. ಈ ಗಡಸು ನೀರನ್ನು ಮೆದು ಮಾಡಲು ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಸಂಪಿನ ಪಕ್ಕ ಸಾಫ್ಟ್‌ನರ್ ಎಂಬ ಉದ್ದನೆಯ ಸಿಲಿಂಡರ್ ನಿಲ್ಲಿಸಿರುತ್ತಾರೆ. ವಾಚ್‌ಮನ್ ಆಗಾಗ ಮೂಟೆಯಿಂದ ಉಪ್ಪು ತೆಗೆದು ಅದಕ್ಕೆ ಸುರಿಯುತ್ತಿರುತ್ತಾನೆ.

“ಅಷ್ಟೊಂದು ಉಪ್ಪು ಕೊನೆಗೆ ಎಲ್ಲಿಗೆ ಹೋಗುತ್ತೆ ತಾತ?” ಎಂದು ಆರನೇ ಕ್ಲಾಸಿನ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಇಂಥ ಪ್ರಶ್ನೆ ಇಷ್ಟ. ಒಳಗೆ ಬಂದದ್ದು ಹೊರಗೆ ಹೋಗಲೇಬೇಕು, ಇಲ್ಲವೇ ಒಳಗೇ ಇರಬೇಕು. ಬೇರೆ ದಾರಿಯಿಲ್ಲ.

ಉಪ್ಪಿನಲ್ಲಿ ಸೋಡಿಯಂ ಇದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇದೆ. ಸಾಫ್ಟ್‌ನರ್ ಮಾಡುವುದು ಅದಲುಬದಲಿನ ವ್ಯಾಪಾರ. ನೀರಿನ ಕ್ಯಾಲ್ಸಿಯಂ ತಾನಿಟ್ಟುಕೊಂಡು, ತನ್ನ ಸೋಡಿಯಂ ನೀರಿಗೆ ಕೊಡುತ್ತದೆ. ಆ ಸೋಡಿಯಂ ನಮ್ಮ ನಲ್ಲಿಯ ನೀರಿನಲ್ಲಿ ಬರುತ್ತದೆ. ಮಿಕ್ಕಿದ್ದು, ಸಿಲಿಂಡರನ್ನು ತೊಳೆದಾಗ ಹೊರಬೀಳುವ ಉಪ್ಪುನೀರಿನಲ್ಲಿ ಹೋಗುತ್ತದೆ. ಕೆಲವು ಕಡೆ ಆ ನೀರನ್ನು ‘ಸುಮ್ಮನೆ ಚರಂಡಿಗೆ ಯಾಕೆ’ ಎಂದು ಗಿಡಗಳ ಕಡೆ ತಿರುಗಿಸಿರುತ್ತಾರೆ. ಉಳಿತಾಯದ ಬುದ್ಧಿಯೇನೋ ಸರಿ. ಆದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಗುಲಾಬಿಯ ಎಲೆಯ ಅಂಚು ಸುಟ್ಟಂತಾಗುತ್ತದೆ, ಕನಕಾಂಬರ ಸೊರಗುತ್ತದೆ, ನೆಲ ಮಳೆಯಲ್ಲಿ ರಾಡಿ, ಬಿಸಿಲಿನಲ್ಲಿ ಸಿಮೆಂಟು. ನೀರು ಹಾಕಿದರೆ ಇಂಗದೆ ಮೇಲೆಯೇ ನಿಲ್ಲುತ್ತದೆ. ಎಲ್ಲ ಹೋದ ಮೇಲೂ ಒಂದು ಮಾತ್ರ ಉಳಿದಿರುತ್ತದೆ: ಗರಿಕೆ.

ಯಾಕೆ ಹೀಗೆ? ಮಕ್ಕಳೇ, ಮಣ್ಣಿನ ಅತಿ ಸಣ್ಣ ಕಣಗಳನ್ನು ಕೈ ಕೈ ಹಿಡಿದು ರಸ್ತೆ ದಾಟುವ ಶಾಲೆಯ ಮಕ್ಕಳು ಎಂದುಕೊಳ್ಳಿ. ಅವರ ನಡುವೆ ನಿಂತು ಹಿಡಿದುಕೊಳ್ಳುವ ಟೀಚರ್ ಕ್ಯಾಲ್ಸಿಯಂ. ಟೀಚರಿಗೆ ಎರಡು ಕೈ. ಈ ಕಡೆ ಒಂದು ಕಣ, ಆ ಕಡೆ ಒಂದು ಕಣ. ಹೀಗೆ ಗುಂಪು ಗುಂಪಾಗಿ ಕಣಗಳು ನಿಂತಾಗ ಗುಂಪುಗಳ ಮಧ್ಯೆ ಜಾಗವಿರುತ್ತದೆ. ಆ ಜಾಗದಲ್ಲಿ ನೀರು ಇಳಿಯುತ್ತದೆ, ಗಾಳಿ ಆಡುತ್ತದೆ, ಬೇರು ನುಗ್ಗುತ್ತದೆ. ಸೋಡಿಯಂಗೆ ಇರುವುದು ಒಂದೇ ಕೈ. ಟೀಚರನ್ನು ತಳ್ಳಿ ಆ ಜಾಗದಲ್ಲಿ ಸೋಡಿಯಂ ಬಂದು ನಿಂತರೆ ಒಂದು ಕಣವನ್ನು ಹಿಡಿಯಬಲ್ಲದು, ಇನ್ನೊಂದನ್ನು ಬಿಟ್ಟುಬಿಡುತ್ತದೆ. ಸಾಲು ಚೆಲ್ಲಾಪಿಲ್ಲಿ. ಬಿಡಿಬಿಡಿಯಾದ ಕಣಗಳು ಎಲ್ಲ ಸಂದುಗಳನ್ನೂ ಮುಚ್ಚಿಬಿಡುತ್ತವೆ. ಗಾಳಿ ಇಲ್ಲ, ನೀರಿಗೆ ದಾರಿ ಇಲ್ಲ. ಗಿಡ ಉಸಿರುಕಟ್ಟಿ ಸಾಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಮರಳಿಲ್ಲದ ಜೇಡಿಮಣ್ಣನ್ನು ಪುಡಿ ಮಾಡಿ ಎರಡಕ್ಕೂ ಎರಡೆರಡು ಚಮಚ ಹಾಕಿ, ಮಳೆ ನೀರೋ ಫಿಲ್ಟರ್ ನೀರೋ ತುಂಬಿ. ಒಂದಕ್ಕೆ ಒಂದು ಚಮಚ ಅಡುಗೆ ಸೋಡ. ಇನ್ನೊಂದಕ್ಕೆ ಬಿಳಿ ಚಾಕ್‌ಪೀಸಿನ ಪುಡಿ ಒಂದು ಚಮಚ. ಶಾಲೆಯ ಮಾಮೂಲಿ ಚಾಕ್‌ಪೀಸು ಜಿಪ್ಸಮ್ ಜಾತಿಯದು, ಅದರಲ್ಲಿ ಕ್ಯಾಲ್ಸಿಯಂ ಇದೆ. (ಡಬ್ಬದ ಮೇಲೆ ‘ಡಸ್ಟ್‌ಲೆಸ್’ ಎಂದಿದ್ದರೆ ಬೇಡ, ಅದು ಬೇರೆ ಪದಾರ್ಥ.) ಎರಡನ್ನೂ ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಟ್ಟು ಮಲಗಿ. ಬೆಳಿಗ್ಗೆ ಎದ್ದು ನೋಡಿದರೆ ಚಾಕ್ ಹಾಕಿದ ಬಾಟಲಿಯಲ್ಲಿ ಮಣ್ಣು ತಳಕ್ಕೆ ಕುಳಿತು ಮೇಲೆ ನೀರು ತಿಳಿಯಾಗಿರುತ್ತದೆ. ಸೋಡದ ಬಾಟಲಿ ಇನ್ನೂ ಕೆಸರು ಕೆಸರು. ನಮ್ಮ ಮನೆಯದು ನಾಲ್ಕನೇ ದಿನವೂ ಬಗ್ಗಡವಾಗಿಯೇ ಇತ್ತು. ಕೊನೆಗೆ ಅವಳ ಅಜ್ಜಿ ಬಾಟಲಿ ಬೇಕು ಎಂದು ಚೆಲ್ಲಿದಳು.

ತೋಟದ ಮಣ್ಣಿಗೆ ಮದ್ದು ಏನು ಎಂಬುದು ಈ ಬಾಟಲಿಯಲ್ಲೇ ಇದೆ. ಉಪ್ಪುನೀರು ನಿಲ್ಲಿಸಿ, ಗೊಬ್ಬರದ ಅಂಗಡಿಯಿಂದ ಜಿಪ್ಸಮ್ ತಂದು ಚದರ ಮೀಟರಿಗೆ ಒಂದೆರಡು ಹಿಡಿ ಎರಚಿ ಮಣ್ಣಿನಲ್ಲಿ ಬೆರೆಸಿ, ಮಳೆ ನೀರಿನಲ್ಲಿ ತೊಳೆಯಬೇಕು. ಮಳೆ ನೀರಿನಷ್ಟು ಉಪ್ಪಿಲ್ಲದ ನೀರು ಬೇರೊಂದಿಲ್ಲ. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ನಿವೇಶನಗಳಿಗೆ ಮಳೆ ನೀರು ಸಂಗ್ರಹ ಕಡ್ಡಾಯವಾಗಿದೆ. ಸಂಗ್ರಹಿಸಿದ ನೀರಿನಲ್ಲಿ ಒಂದಿಷ್ಟನ್ನು ಗಿಡಗಳಿಗೂ ಬಿಟ್ಟರೆ ನಷ್ಟವೇನಿಲ್ಲ.

ಹತ್ತಡಿ ತೋಟದ ಕಥೆ ಇಷ್ಟು. ಇದೇ ರೋಗ ಎಕರೆಗಟ್ಟಲೆ ಹೊಲಕ್ಕೆ ಬಂದರೆ ಹೇಗಿರುತ್ತದೆ ಎಂಬುದನ್ನು ನಾನು ನಾಲ್ಕು ವರ್ಷ ಹತ್ತಿರದಿಂದ ನೋಡಿದ್ದೇನೆ. 1983ರಲ್ಲಿ ನನಗೆ ಗಂಗಾವತಿ ಸೀಮೆಯ ಒಂದು ಶಾಖೆಗೆ ವರ್ಗವಾಯಿತು. ಆಗ ಅದು ರಾಯಚೂರು ಜಿಲ್ಲೆ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಬೆಂಗಳೂರಿನವನಾದ ನನಗೆ ಕಣ್ಣು ಹಾಯಿಸಿದಷ್ಟೂ ಭತ್ತದ ಹಸಿರು ನೋಡಿ ಬೆರಗು. ಆದರೆ ಆ ಹಸಿರಿನ ನಡುನಡುವೆ ತೇಪೆ ಹಾಕಿದಂತೆ ಬೋಳು ಜಾಗಗಳು. ಬೆಳಗಿನ ಹೊತ್ತು ನೋಡಿದರೆ ಯಾರೋ ಸುಣ್ಣ ಚೆಲ್ಲಿದ ಹಾಗೆ. ಅಲ್ಲಿಯವರು ಅದನ್ನು ‘ಸವಳು’ ಎನ್ನುತ್ತಾರೆ. ನೀರು ನಿಂತು ಕೆಟ್ಟ ನೆಲ ‘ಜವಳು’. ಎರಡೂ ಸೇರಿಯೇ ಬರುವುದರಿಂದ ಸವಳು-ಜವಳು ಎಂದು ಜೋಡಿ ಮಾತು. ನಮ್ಮ ಹಳೇ ಮೈಸೂರಿನ ಕಡೆ ಚೌಳು ಎನ್ನುವುದು ಇದನ್ನೇ. ಸೋಪಿನ ಪುಡಿ ಬರುವ ಮೊದಲು ಮಡಿವಾಳರು ಬಟ್ಟೆ ಒಗೆಯಲು ಚೌಳು ಮಣ್ಣನ್ನು ಕೆರೆದು ತರುತ್ತಿದ್ದುದು ಈ ಪತ್ರಿಕೆ ಓದುವ ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಕೊಳೆ ತೆಗೆಯುವ ಕ್ಷಾರ ಅದರಲ್ಲಿ ಅಷ್ಟಿರುತ್ತದೆ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆ ಆಯಿತು. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದ. ಬರದ ಸೀಮೆಗೆ ಜೋಳ, ಹತ್ತಿಯಂಥ ಬೆಳೆಗೆ ಅಷ್ಟಿಷ್ಟು ನೀರು ಕೊಟ್ಟು ಹೆಚ್ಚು ಊರುಗಳನ್ನು ಕಾಪಾಡಬೇಕು ಎಂಬುದು ಮೂಲ ಲೆಕ್ಕ. ಆದರೆ ಹೊಲದ ಪಕ್ಕ ನೀರು ಹರಿಯುತ್ತಿರುವಾಗ ಜೋಳ ಬಿತ್ತುವವರು ಯಾರು? ಕಾಲುವೆಯ ಮೇಲ್ಭಾಗದವರೆಲ್ಲ ಭತ್ತಕ್ಕೆ ಇಳಿದರು. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಿಸಬೇಕು. ಆ ನೀರು ಇಂಗಿ ಇಂಗಿ ನೆಲದಡಿಯ ನೀರಿನ ಮಟ್ಟ ಮೇಲೇರಿತು. ಕಪ್ಪು ಮಣ್ಣಿನ ಆಳದಲ್ಲಿ ತಲೆತಲಾಂತರದಿಂದ ಮಲಗಿದ್ದ ಉಪ್ಪುಗಳನ್ನು ಕರಗಿಸಿಕೊಂಡೇ ಅದು ಮೇಲೇರಿತು. ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ, ನೀರನ್ನು ಹೀರಿಕೊಂಡು ಉಪ್ಪನ್ನು ನೆಲದ ಮೇಲೆ ಬಿಟ್ಟಿತು. ಕಾಲುವೆಯ ನೀರು ಸಿಹಿ. ಹೊಲ ಮಾತ್ರ ಉಪ್ಪಾಯಿತು.

ಕರ್ನಾಟಕದಲ್ಲಿ ಹೀಗೆ ಉಪ್ಪು ಹಿಡಿದ ಭೂಮಿ ಸುಮಾರು 1.5 ಲಕ್ಷ ಹೆಕ್ಟೇರ್, ಅದರಲ್ಲಿ ಬಹುಪಾಲು ಕ್ಷಾರದ್ದು ಎಂಬುದು ಸರ್ಕಾರಿ ಸಂಶೋಧನಾ ಸಂಸ್ಥೆಗಳು ಕೊಡುವ ಲೆಕ್ಕ. ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಎಂದು ನಾವು ಕರೆಯುತ್ತಿದ್ದ ಪ್ರದೇಶದ ಸುಮಾರು ಎರಡರಷ್ಟು. ಇಡೀ ದೇಶದಲ್ಲಿ ಸುಮಾರು 67 ಲಕ್ಷ ಹೆಕ್ಟೇರ್.

ನನ್ನ ಕೆಲಸ ಬೆಳೆ ಸಾಲದ ಲೆಡ್ಜರ್. ಬಿತ್ತನೆಗೆ ಸಾಲ, ಕೊಯ್ಲಿಗೆ ವಾಪಸು, ಮತ್ತೆ ಹೊಸ ಸಾಲ. ಚಕ್ರ ಸರಿಯಾಗಿ ತಿರುಗಿದರೆ ಎಲ್ಲರಿಗೂ ಸುಖ. ಕೆಲವು ಹೆಸರುಗಳ ಮುಂದೆ ಮಾತ್ರ ವರ್ಷ ವರ್ಷವೂ ಬಾಕಿ ಉಳಿಯುತ್ತಿತ್ತು. ಕುಡಿತವಿಲ್ಲ, ಜೂಜಿಲ್ಲ, ಕಾಲುವೆಯ ಪಕ್ಕದ ಹೊಲ, ಆದರೂ ಬಾಕಿ. ಒಂದು ದಿನ ಅಂಥ ಒಬ್ಬ ಹಿರಿಯ ರೈತರು ಟವೆಲಿನ ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡು ಕೌಂಟರಿಗೆ ಬಂದರು. ಗಂಟು ಬಿಚ್ಚಿ ನನ್ನ ಲೆಡ್ಜರಿನ ಪಕ್ಕದಲ್ಲಿಟ್ಟರು. ಬೂದಿಯಂಥ ಮಣ್ಣು.

“ನಾಲಿಗಿ ಮ್ಯಾಲ ಇಟ್ಟು ನೋಡ್ರಿ ಸಾಹೇಬ್ರ. ನಾಲ್ಕು ಎಕರೆ ಐತಿ ಅಂತ ನಿಮ್ಮ ಪುಸ್ತಕದಾಗ ಬರದೀರಿ. ಎರಡು ಎಕರೆ ಹಿಂಗಾಗೈತಿ. ಇದರಾಗ ಏನ್ ಬೆಳೀಲಿ, ಏನ್ ಕಟ್ಲಿ?”

ನಾನು ಇಟ್ಟು ನೋಡಿದೆ. ಉಪ್ಪು ಅಷ್ಟಾಗಿ ತಿಳಿಯಲಿಲ್ಲ, ಸೋಪು ನೆಕ್ಕಿದ ಹಾಗೆ ನಾಲಿಗೆ ಜಾರಿತು. ಕ್ಷಾರದ ಗುಣ ಅದು. ನೀರಿನ ಹುಳಿ-ಕ್ಷಾರ ಅಳೆಯಲು ಪಿಎಚ್ ಎಂಬ ಲೆಕ್ಕವಿದೆ. 7 ಇದ್ದರೆ ಸಮ. ನಿಂಬೆರಸ 2ರ ಸುತ್ತಮುತ್ತ. ಮಣ್ಣಿನದು 8.5 ದಾಟಿ, ಜೊತೆಗೆ ಸೋಡಿಯಂ ಪಾಲು ಹೆಚ್ಚಿದ್ದರೆ ಅದು ಕ್ಷಾರ ಭೂಮಿ. ಕೆಟ್ಟ ಸವಳಿನಲ್ಲಿ 10ನ್ನೂ ಮೀರುತ್ತದೆ. ಅಲ್ಲಿ ಭತ್ತದ ಸಸಿ ನೆಟ್ಟರೆ ತುದಿ ಕಂದಿ ಮಲಗಿಬಿಡುತ್ತದೆ.

ಜಿಪ್ಸಮ್ ಹಾಕಬಹುದು ಎಂಬುದು ಆಗಲೂ ಎಲ್ಲರಿಗೂ ಗೊತ್ತಿತ್ತು. ಆದರೆ ಹಿಡಿ ಎರಡು ಹಿಡಿಯ ಮಾತಲ್ಲ, ಎಕರೆಗೆ ಟನ್ನುಗಟ್ಟಲೆ ಬೇಕು. ಬಾಕಿ ಇರುವವರಿಗೆ ಅದಕ್ಕೆ ಮತ್ತೆ ಸಾಲ ಕೊಡುವವರು ಯಾರು?

ಆ ವರ್ಷವೇ ಕೃಷಿ ಇಲಾಖೆಯ ಅಧಿಕಾರಿಯೊಬ್ಬರು ರೈತರ ಸಭೆಗೆಂದು ಬಂದವರು ಗೋಣಿಚೀಲದಲ್ಲಿ ಒಂದು ಹುಲ್ಲಿನ ಬುಡ ತಂದಿದ್ದರು. ನೋಡಲು ಏನೂ ವಿಶೇಷವಿಲ್ಲ. ಉದ್ದ ತೆಳ್ಳನೆಯ ಎಲೆ, ಬೂದುಹಸಿರು, ಸೊಂಟದೆತ್ತರ. ಹೆಸರು ಕರ್ನಾಲ್ ಹುಲ್ಲು. ಸಭೆಯಲ್ಲಿದ್ದವರು ನಕ್ಕರು. ಹೊಲದಲ್ಲಿ ಹುಲ್ಲು ಕಿತ್ತು ಕಿತ್ತು ಸೊಂಟ ಬಿದ್ದವರಿಗೆ ಹುಲ್ಲು ನೆಡಿ ಎಂದರೆ ನಗು ಬಾರದೆ ಇರುತ್ತದೆಯೇ?

ಈ ಹುಲ್ಲಿನ ವೃತ್ತಾಂತ ಸ್ವಲ್ಪ ಹೇಳಬೇಕು. ಹರಿಯಾಣದ ಕರ್ನಾಲ್ ಊರು ಮಹಾಭಾರತದ ಕರ್ಣ ಕಟ್ಟಿಸಿದ್ದು ಎಂದು ಅಲ್ಲಿಯ ಪ್ರತೀತಿ. ಕುರುಕ್ಷೇತ್ರ ಅಲ್ಲೇ ಹತ್ತಿರ. ಆ ಬಯಲಿನಲ್ಲೂ ಸವಳು ಭೂಮಿ ಬೇಕಾದಷ್ಟಿತ್ತು. 1969ರಲ್ಲಿ ಅಲ್ಲಿ ಕೇಂದ್ರೀಯ ಮಣ್ಣು ಲವಣಾಂಶ ಸಂಶೋಧನಾ ಸಂಸ್ಥೆ ಶುರುವಾಯಿತು. ಅಲ್ಲಿಯವರು ಕ್ಷಾರ ಭೂಮಿಗೆ ಒಗ್ಗುವ ಮೇವನ್ನು ಹುಡುಕಿ ಹುಡುಕಿ ಪರೀಕ್ಷಿಸಿದಾಗ ಎಲ್ಲಕ್ಕಿಂತ ಮುಂದೆ ನಿಂತದ್ದು ಈ ಹುಲ್ಲು. ಆದ್ದರಿಂದ ಆ ಊರಿನ ಹೆಸರೇ ಅಂಟಿತು. ಪಂಜಾಬಿನಲ್ಲಿ, ಗಡಿಯ ಆಚೆಗೂ, ಇದಕ್ಕೆ ಕಲ್ಲರ್ ಹುಲ್ಲು ಎನ್ನುತ್ತಾರೆ. ಕಲ್ಲರ್ ಎಂದರೆ ನಮ್ಮ ಸವಳು. ಸಸ್ಯಶಾಸ್ತ್ರದವರು ಡಿಪ್ಲಾಕ್ನೆ ಫಸ್ಕಾ ಅಥವಾ ಲೆಪ್ಟೊಕ್ಲೋವಾ ಫಸ್ಕಾ ಎಂದು ಬರೆಯುತ್ತಾರೆ. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಜೌಗು, ಉಪ್ಪು, ಕ್ಷಾರ ಎಲ್ಲಿದೆಯೋ ಅಲ್ಲಿ ತಾನಾಗಿ ಬೆಳೆಯುವ ಹುಲ್ಲು ಇದು. ಒಮ್ಮೆ ಊರಿದರೆ ವರ್ಷ ವರ್ಷ ಬಿತ್ತಬೇಕಾಗಿಲ್ಲ. ಬೀಜದಿಂದ ಬರುತ್ತದೆ, ಬೇರುಸಹಿತ ಸೀಳಿ ನೆಟ್ಟರೂ ಬರುತ್ತದೆ, ಕಾಂಡದ ತುಂಡು ಒತ್ತಿದರೂ ಬರುತ್ತದೆ.

ಬೇರೆ ಗಿಡಗಳು ಸಾಯುವ ಕಡೆ ಇದು ಹೇಗೆ ಬದುಕುತ್ತದೆ? ನೀರು ನಿಂತ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಭತ್ತದ ಹಾಗೆ ಇದಕ್ಕೂ ಒಳಗೆ ಗಾಳಿಯ ಸಂದುಗಳಿವೆ. ಮೇಲಿನಿಂದ ಗಾಳಿಯನ್ನು ಬೇರಿಗೆ ಕಳಿಸಿಕೊಳ್ಳುತ್ತದೆ. ಬೇರಿನೊಳಗೆ ಹೊಕ್ಕ ಉಪ್ಪಿಗೆ ಇನ್ನೊಂದು ಉಪಾಯ. ಎಲೆಯ ಮೇಲೆ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಕೂದಲುಗಳಿವೆ. ಹೆಚ್ಚಾದ ಉಪ್ಪನ್ನು ಅವುಗಳ ಮೂಲಕ ಹೊರಗೆ ಹಾಕುತ್ತದೆ, ನಮಗೆ ಬೆವರು ಬರುವ ಹಾಗೆ. ಒಣಗಿದ ಎಲೆ ಸವರಿದರೆ ಬೆರಳಿಗೆ ಬಿಳಿ ಪುಡಿ ಅಂಟುತ್ತದೆ. ಇನ್ನು ಊಟ. ಸವಳಿನಲ್ಲಿ ಸಾರಜನಕ ಕಡಿಮೆ. ಇದರ ಬೇರಿನೊಳಗೇ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ವಾಸವಾಗಿವೆ. ಪಾಕಿಸ್ತಾನದ ಪಂಜಾಬಿನ ಹುಲ್ಲಿನಲ್ಲಿ ಸಿಕ್ಕ ಆ ಸೂಕ್ಷ್ಮಜೀವಿಗಳಿಗೆ ವಿಜ್ಞಾನಿಗಳು 1993ರಲ್ಲಿ ಅಝೊಆರ್ಕಸ್ ಎಂದು ಹೆಸರಿಟ್ಟರು. ಮನೆಯಲ್ಲೇ ಅಡುಗೆಯವರನ್ನು ಇಟ್ಟುಕೊಂಡ ಹಾಗೆ.

ಬದುಕುವುದು ದೊಡ್ಡದಲ್ಲ, ಬಳ್ಳಾರಿ ಜಾಲಿಯೂ ಅಲ್ಲಿ ಬದುಕುತ್ತದೆ. ಈ ಹುಲ್ಲು ನೆಲವನ್ನೂ ರಿಪೇರಿ ಮಾಡುತ್ತದೆ. ನನಗೆ ಅತಿ ಇಷ್ಟವಾದ ಭಾಗ ಇದು. ಸವಳು ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲವೆಂದಲ್ಲ, ಸುಣ್ಣದ ಹರಳಿನ ರೂಪದಲ್ಲಿ ಬೇಕಾದಷ್ಟಿರುತ್ತದೆ. ಗಂಗಾವತಿಯ ಕಪ್ಪು ಹೊಲ ಅಗೆದರೆ ಬಿಳಿ ಸುಣ್ಣದ ಗುಂಡುಗಳು ಸಿಗುತ್ತವೆ. ಆದರೆ ಕ್ಷಾರದಲ್ಲಿ ಅದು ಕರಗದು. ಬೀರುವಿನಲ್ಲಿ ಔಷಧಿ ಇದೆ, ಬೀಗದ ಕೈ ಇಲ್ಲ. ಹುಲ್ಲಿನ ಬೇರು ಉಸಿರಾಡುವಾಗ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಅದು ಮಣ್ಣಿನ ನೀರಿನಲ್ಲಿ ಕರಗಿ ಸೌಮ್ಯವಾದ ಹುಳಿಯಾಗುತ್ತದೆ, ಸೋಡಾ ಬಾಟಲಿಯಲ್ಲಿರುವುದೂ ಅದೇ ಹುಳಿ. ಈ ಹುಳಿ ಸುಣ್ಣದ ಹರಳನ್ನು ಮೆಲ್ಲಗೆ ಕರಗಿಸುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಟೀಚರು ಎರಡೂ ಕೈ ಚಾಚಿ ಮಣ್ಣಿನ ಕಣಗಳನ್ನು ಹಿಡಿದುಕೊಳ್ಳುತ್ತಾರೆ, ಸೋಡಿಯಂ ಜಾಗ ಬಿಟ್ಟು ನೀರಿನೊಡನೆ ಕೆಳಗಿಳಿಯುತ್ತದೆ. ಕೊಳೆತ ಹಳೆಯ ಬೇರುಗಳ ಜಾಗ ಆ ನೀರಿಗೆ ಕೊಳವೆಯಾಗುತ್ತದೆ. ಹುಲ್ಲು ಕೊಯ್ದಾಗ ಎಲೆಯ ಜೊತೆ ಒಂದಿಷ್ಟು ಉಪ್ಪು ಹೋಗುತ್ತದೆ ನಿಜ, ಆದರೆ ಅದು ಅಲ್ಪ. ನಿಜವಾದ ಕೆಲಸ ನಡೆಯುವುದು ಕೆಳಗೆ.

ಒಂದು ವರ್ಷಕ್ಕೆ ಸ್ವಲ್ಪ, ಎರಡು ಮೂರು ವರ್ಷಕ್ಕೆ ಕಣ್ಣಿಗೆ ಕಾಣುವಷ್ಟು. ತೊಂದರೆ ಇರುವುದು ಇಲ್ಲೇ. ಬೆಳೆ ಸಾಲಕ್ಕೆ ಒಂದೇ ವರ್ಷದ ಗಡುವು. ಹುಲ್ಲಿಗೆ ಬ್ಯಾಂಕಿನ ಕ್ಯಾಲೆಂಡರ್ ಗೊತ್ತಿಲ್ಲ. ಎರಡು ವರ್ಷ ಭತ್ತವಿಲ್ಲದ ಮನೆ ಏನು ತಿನ್ನಬೇಕು ಎಂಬುದಕ್ಕೆ ಆ ಅಧಿಕಾರಿಯ ಚೀಲದಲ್ಲಿ ಉತ್ತರ ಇರಲಿಲ್ಲ.

ಟವೆಲಿನಲ್ಲಿ ಮಣ್ಣು ತಂದಿದ್ದ ಹಿರಿಯರು ಸಭೆಯಲ್ಲಿ ನಗದೆ ಕುಳಿತಿದ್ದರು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು: “ದನ ತಿಂತಾವೇನ್ರಿ ಇದನ್ನ?” ತಿನ್ನುತ್ತವೆ. ಹಸಿಯಾಗಿದ್ದಾಗ ಕೊಯ್ದರೆ ಒಳ್ಳೆಯ ಮೇವು, ವರ್ಷಕ್ಕೆ ನಾಲ್ಕೈದು ಕೊಯ್ಲು. ಅವರು ಕೆಟ್ಟ ಎರಡು ಎಕರೆಯಲ್ಲಿ ಒಂದು ಎಕರೆಗೆ ಮಳೆಗಾಲದಲ್ಲಿ ಹುಲ್ಲಿನ ಬೇರು ಒತ್ತಿದರು. ನಮ್ಮ ಶಾಖೆಯಿಂದ ಬೆಳೆ ಸಾಲ ಸಿಗುವಂತಿರಲಿಲ್ಲ. ಆದರೆ ಎಮ್ಮೆಗೆ ಸಾಲ ಕೊಡುವ ಯೋಜನೆಯೊಂದು ಇತ್ತು, ಅದಕ್ಕೆ ಐದು ವರ್ಷದ ಅವಧಿ. ಅರ್ಜಿ ನಾನೇ ಬರೆದುಕೊಟ್ಟೆ. ‘ಮೇವಿನ ಮೂಲ’ ಎಂಬ ಕಾಲಮ್ಮಿನಲ್ಲಿ ‘ಸ್ವಂತ ಜಮೀನು, ಒಂದು ಎಕರೆ’ ಎಂದು ಬರೆದದ್ದು ನೆನಪಿದೆ. ಎರಡು ಎಮ್ಮೆ ಬಂದವು. ಹಾಲಿನ ದುಡ್ಡಿನಲ್ಲಿ ಕಂತು ತಪ್ಪಲಿಲ್ಲ. ಮೂರನೆಯ ವರ್ಷ ಆ ಎಕರೆಯನ್ನು ಉತ್ತು ಭತ್ತ ನಾಟಿ ಮಾಡಿದರು. ಪೂರ್ತಿ ಬರಲಿಲ್ಲ, ಮೂಲೆಯಲ್ಲಿ ಬೋಳು ಉಳಿದೇ ಇತ್ತು. ಆದರೆ ಬಂತು. ಆ ಹೊಸ ಅಕ್ಕಿ ಒಂದು ಸೇರು ನಮ್ಮ ಮನೆಗೂ ಬಂತು. ಅನ್ನ ಉಪ್ಪಾಗಿರುತ್ತದೋ ಎಂದು ನನ್ನ ಹೆಂಡತಿಗೆ ಅನುಮಾನ. ಇರಲಿಲ್ಲ.

ಅವರನ್ನು ನೋಡಿ ಊರೆಲ್ಲ ಹುಲ್ಲು ನೆಟ್ಟಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಇನ್ನಿಬ್ಬರು ನೆಟ್ಟರು, ಒಬ್ಬರು ನಡುವೆ ಬಿಟ್ಟರು. ಬಸಿಗಾಲುವೆ ಇಲ್ಲದ ಕಡೆ ಹುಲ್ಲೊಂದೇ ಸಾಲದು ಎಂಬುದೂ ನಿಜ. ಕೆಳಗಿಳಿದ ಉಪ್ಪುನೀರಿಗೆ ಹೊರಹೋಗಲು ದಾರಿ ಬೇಕು, ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಮೇಲೇರುತ್ತದೆ. ಪಕ್ಕದ ಗದ್ದೆಯವರು ಮೊಣಕಾಲುದ್ದ ನೀರು ನಿಲ್ಲಿಸಿದರೆ ಈ ಗದ್ದೆಯವರು ಏನು ಮಾಡಿಯೂ ಪ್ರಯೋಜನ ಕಡಿಮೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳಿನ ಮೇಲೆ ಬಹಳ ಕಾಲದಿಂದ ಕೆಲಸ ನಡೆಯುತ್ತಿದೆ. ಅದು ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ನೆಲದಡಿ ತೂತಿನ ಕೊಳವೆ ಹೂಳಿ ಉಪ್ಪುನೀರು ಬಸಿಯುವ ವಿಧಾನವೂ ಇದೆ, ಒಳ್ಳೆಯದೇ, ಆದರೆ ದುಬಾರಿ. ನನ್ನ ಅಭಿಪ್ರಾಯ ಕೇಳಿದರೆ, ಸವಳು ಹೊಲದ ಮೇವಿಗೆಂದೇ ಮೂರು ವರ್ಷದ ಸಾಲವೊಂದು ಇರಬೇಕು, ಮೊದಲ ವರ್ಷ ಕಂತು ಕೇಳಬಾರದು. ಮಾವಿನ ತೋಟಕ್ಕೆ ಕಾಯುತ್ತೇವೆ, ತೆಂಗಿಗೆ ಕಾಯುತ್ತೇವೆ. ಹುಲ್ಲಿಗೆ ಕಾಯಲು ಏನು ಅಡ್ಡಿ?

ಕರ್ನಾಲ್ ಹುಲ್ಲನ್ನು ಕತ್ರಿಗುಪ್ಪೆಯ ಮಕ್ಕಳಿಗೆ ತೋರಿಸುವುದು ಕಷ್ಟ. ಆದರೆ ಅದರ ಹಾಗೆಯೇ ಕ್ಷಾರ ತಡೆಯುವ ಇಬ್ಬರು ನೆಂಟರು ನಮ್ಮ ಮನೆಗಳಿಗೇ ಬರುತ್ತಾರೆ. ಒಬ್ಬರು ಗರಿಕೆ. ಕ್ಷಾರ ಭೂಮಿಗೆ ಒಗ್ಗುವ ಮೇವುಗಳ ಪಟ್ಟಿಯಲ್ಲಿ ಅದಕ್ಕೂ ಮೇಲಿನ ಸಾಲಿನಲ್ಲೇ ಜಾಗ. ಸಾಫ್ಟ್‌ನರ್ ನೀರು ಕುಡಿದೂ ತೋಟದಲ್ಲಿ ಅದು ಉಳಿದದ್ದು ಸುಮ್ಮನೆ ಅಲ್ಲ. ಗಣೇಶನ ಹಬ್ಬದ ಹಿಂದಿನ ದಿನ ನಮ್ಮ ಮುಖ್ಯರಸ್ತೆಯಲ್ಲಿ ರಾಶಿ ಹಾಕಿ ಮಾರುವ ಗರಿಕೆಯನ್ನು ಪೂಜೆಯಾದ ಮೇಲೆ ಎಸೆಯುವ ಬದಲು ಗೆಣ್ಣು ಇರುವ ತುಂಡುಗಳನ್ನು ಆರಿಸಿ ಕುಂಡದಲ್ಲಿ ಒತ್ತಿ ನೋಡಿ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ.

ಇನ್ನೊಬ್ಬರು ದರ್ಭೆ, ಅಂದರೆ ಕುಶ. ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ತೂಗುಹಾಕಿರುತ್ತದೆ. ಅಂಗಡಿಯ ಕಟ್ಟುಗಳಲ್ಲಿ ಇರುವುದೆಲ್ಲ ಒಂದೇ ಜಾತಿಯ ಹುಲ್ಲಲ್ಲ ಎಂಬುದು ಬೇರೆ ಮಾತು. ತರ್ಪಣಕ್ಕೆ ಪವಿತ್ರ ಕಟ್ಟಲು, ಗ್ರಹಣದ ದಿನ ಉಪ್ಪಿನಕಾಯಿ ಭರಣಿಯ ಮೇಲೆ ಇಡಲು ಅಜ್ಜಿಯರು ಇದನ್ನು ತರಿಸುತ್ತಾರೆ. ಗಂಗಾ-ಯಮುನಾ ಬಯಲಿನ ಕ್ಷಾರ ಭೂಮಿಯಲ್ಲಿ ತಾನಾಗಿ ಹುಟ್ಟುವ ಹುಲ್ಲುಗಳಲ್ಲಿ ಕುಶ ಮುಖ್ಯವಾದದ್ದು. ಇದು ದಂಡಿಯಾಗಿ ಬೆಳೆದಿರುವುದನ್ನು ನೋಡಿಯೇ ಇಲ್ಲಿ ಮಣ್ಣು ಕ್ಷಾರ ಎಂದು ಅಲ್ಲಿ ಗುರುತು ಹಿಡಿಯುತ್ತಾರೆ. ಬೇರುಕಾಂಡ ಆಳಕ್ಕೆ ಹೋಗಿರುವುದರಿಂದ ಕಿತ್ತರೂ ಹೋಗದು. ಕಾಲಿಗೆ ಕುಶ ಚುಚ್ಚಿತೆಂದು ಚಾಣಕ್ಯ ಅದನ್ನು ಬುಡಸಮೇತ ನಾಶ ಮಾಡಲು ಕುಳಿತ ಕಥೆಯನ್ನು ಅಜ್ಜಂದಿರನ್ನು ಕೇಳಿ. ಚುರುಕು ಬುದ್ಧಿಯವರನ್ನು ಕುಶಾಗ್ರಮತಿ ಎನ್ನುವುದು ಈ ಹುಲ್ಲಿನ ತುದಿಯ ಮೊನಚಿನಿಂದ.

ಮಹಾಭಾರತದ ಆದಿಪರ್ವದಲ್ಲಿ ಇದರ ಒಂದು ಕಥೆ ಬರುತ್ತದೆ. ತಾಯಿ ವಿನತೆಯ ದಾಸ್ಯ ಬಿಡಿಸಲು ಗರುಡ ಅಮೃತದ ಕೊಡವನ್ನು ತಂದು ಕುಶದ ಹಾಸಿನ ಮೇಲಿಟ್ಟ. ಸ್ನಾನ ಮಾಡಿ ಬಂದು ಕುಡಿಯೋಣವೆಂದು ಸರ್ಪಗಳು ಹೋದವು. ಅಷ್ಟರಲ್ಲಿ ಇಂದ್ರ ಕೊಡವನ್ನು ಎತ್ತಿಕೊಂಡು ಹೋದ. ವಾಪಸು ಬಂದ ಸರ್ಪಗಳು ಹನಿಯಾದರೂ ಚೆಲ್ಲಿರಬಹುದೆಂದು ಹುಲ್ಲನ್ನೇ ನೆಕ್ಕಿದವು. ಅಂದಿನಿಂದ ಹಾವಿನ ನಾಲಿಗೆ ಎರಡು ಸೀಳು.

ಈ ಕಥೆ ಕೇಳಿ ನಮ್ಮ ಮನೆಯ ಪುಟ್ಟ, “ಹುಲ್ಲು ಹೇಗೆ ತಾತ ಕೊಯ್ಯುತ್ತೆ, ಅದೇನು ಬ್ಲೇಡಾ?” ಎಂದ. ಹೌದು, ಒಂದು ರೀತಿಯಲ್ಲಿ ಬ್ಲೇಡೇ. ಎಲೆಯ ಎರಡೂ ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿವೆ, ಗಾಜಿನಲ್ಲಿರುವ ಸಿಲಿಕಾ ಎಂಬ ವಸ್ತು ಅವುಗಳನ್ನು ಗಟ್ಟಿ ಮಾಡಿರುತ್ತದೆ. ಹಲ್ಲುಗಳೆಲ್ಲ ತುದಿಯ ಕಡೆ ಬಾಗಿರುವುದರಿಂದ ಬುಡದಿಂದ ತುದಿಗೆ ಸವರಿದರೆ ನುಣ್ಣಗೆ, ತುದಿಯಿಂದ ಬುಡಕ್ಕೆ ಸವರಿದರೆ ಬೆರಳು ಕುಯ್ದುಕೊಳ್ಳುತ್ತದೆ. ಅಜ್ಜಿಯ ಕಟ್ಟಿನಿಂದ ಒಂದೆಳೆ ತೆಗೆದು ಪರೀಕ್ಷೆ ಮಾಡುವವರು ಮೊದಲನೆಯ ರೀತಿಯಲ್ಲೇ ಮಾಡಿ.